ಹೊಳೆಯ ಈಚೆಯ ಸಹಿ

ಮಿಸ್ ಸಿಬಿಲ್ ಹಾರ್ಗ್ರೋವ್ ನಮ್ಮ ವರ್ನೆಲಕ್ಕನ ಹೆಸರನ್ನು ಅವಳನ್ನೊಂದು ಮಾತೂ ಕೇಳದೆ ಕೊಟ್ಟುಬಿಟ್ಟಿದ್ದಳು. ನೆರೆಮನೆಯವರಿಗೆ ಏಣಿ ಕೊಡುವುದಿಲ್ಲವೇ, ಹಾಗೆ. ಕೊಡುವ ಮೊದಲು ಏಣಿಯನ್ನು ಯಾರಾದರೂ ಕೇಳುತ್ತಾರೆಯೇ?

ಕೊಟ್ಟದ್ದು ಯಾರಿಗೆ ಅಂದರೆ, ದೇಶದ ಅಧ್ಯಕ್ಷನಾಗಲು ಹೊರಟಿದ್ದ ಒಬ್ಬ ದನದ ಡಾಕ್ಟರಿಗೆ.

ಮೊದಲು ನಾವು ಯಾರು ಅಂತ ಹೇಳುತ್ತೇನೆ. ನಾನು ಐಡೆಲ್. ವರ್ನೆಲ್ ನನಗಿಂತ ದೊಡ್ಡವಳು, ಅದಕ್ಕೆ ಅಕ್ಕ. ಒಂದೇ ಬೀದಿ, ಒಂದೇ ಬ್ಯಾಪ್ಟಿಸ್ಟ್ ಚರ್ಚು, ಒಂದೇ ಕಸುಬು: ಬೇರೆಯವರ ಮನೆ ತೊಳೆಯುವುದು. ವರ್ಜೀನಿಯಾದ ದಕ್ಷಿಣದ ನಮ್ಮ ಊರನ್ನು ಒಂದು ಹೊಳೆ ಸೀಳಿದೆ. ಆಚೆ ದಡದಲ್ಲಿ ಬಿಳಿಯರ ದೊಡ್ಡ ಮನೆಗಳು. ಈಚೆ ನಾವು ಕರಿಯರು. ನಡುವೆ ಸೇತುವೆ. ಬೆಳಗ್ಗೆ ಆ ಸೇತುವೆ ಮೇಲೆ ಬಕೆಟ್ಟುಗಳು ಆಚೆ ಹೋಗುತ್ತವೆ, ಸಂಜೆ ಸೊಂಟನೋವುಗಳು ಈಚೆ ಬರುತ್ತವೆ.

ವರ್ನೆಲಕ್ಕ ಮೊದಲು ಟವೆಲ್ ಗಿರಣಿಯಲ್ಲಿ ಏಳು ವರ್ಷ ದುಡಿದಳು. ಗಿರಣಿ ಮುಚ್ಚಿತು. ಅಲ್ಲಿ ಇಲ್ಲಿ ಅಲೆದು ಕೊನೆಗೆ ಮಿಸ್ ಸಿಬಿಲಳ ಮನೆ ಸೇರಿದಳು. ಹತ್ತೊಂಬತ್ತು ವರ್ಷ. ಆ ಮನೆಯ ಓಕ್ ಮರದ ನೆಲಕ್ಕೆ ಕೋಲಿಗೆ ಕಟ್ಟಿದ ಬಟ್ಟೆ ತಾಗಬಾರದು, ಗೆರೆ ಬೀಳುತ್ತದಂತೆ. ಮಂಡಿಯೂರಿ ಕೈಯಿಂದಲೇ ಒರೆಸಬೇಕು. ಒರೆಸಿ ಒರೆಸಿ ಮಂಡಿಚಿಪ್ಪು ಸವೆಯಿತು. ಈಗ ಅವಳು ಮೆಟ್ಟಿಲಿಳಿದರೆ ಒಣಕಡ್ಡಿ ಮುರಿದ ಸದ್ದು ಬರುತ್ತದೆ. ಮಿಸ್ ಸಿಬಿಲಳ ಅಪ್ಪ, ರಿಟೈರಾದ ಜಡ್ಜು, ಲಕ್ವ ಹೊಡೆದು ಮಲಗಿದಾಗ ಎತ್ತಿ ಕೂರಿಸಿದವಳು ವರ್ನೆಲಕ್ಕ. ಹೇಲು ಉಚ್ಚೆ ಬಳಿದವಳು ವರ್ನೆಲಕ್ಕ. ಸಾಯುವಾಗ ಜಡ್ಜು ಹಿಡಿದುಕೊಂಡದ್ದು ಅವಳ ಕೈಯನ್ನೇ. ಅದೇ ಕೈ ಕಾಫಿ ಕುಡಿಯುವ ಲೋಟ ಮಾತ್ರ ಬೇರೆ. ಕಿಟಕಿ ಕಟ್ಟೆಯ ಮೇಲೆ, ಗಿಡಕ್ಕೆ ನೀರು ಹಾಕುವ ಡಬ್ಬಿಯ ಪಕ್ಕ ಇರುತ್ತಿತ್ತು. ಕಕ್ಕಸಿಗೆ ನೆಲಮಾಳಿಗೆಗೆ ಇಳಿಯಬೇಕಿತ್ತು.

"ನೀನು ನಮ್ಮನೆಯವಳ ಹಾಗೇ, ವರ್ನೆಲ್," ಅಂತ ಮಿಸ್ ಸಿಬಿಲ್ ವಾರಕ್ಕೊಮ್ಮೆಯಾದರೂ ಅನ್ನುವಳು. ಹಾಗೆಂದು ಶುಕ್ರವಾರ ಹಣ್ಣಿನ ಬುಟ್ಟಿಯ ಕೆಳಗೆ ಲಕೋಟೆ ಇಡುವಳು. ನಗದು. ರಸೀದಿ ಇಲ್ಲ.

ಆ ಲಕೋಟೆಯೇ ನಮ್ಮ ಗೋಳು. ನಾನು ತೊಳೆಯುವ ಮನೆಯಲ್ಲೂ ಅದೇ. ಈ ದೇಶದಲ್ಲಿ ದುಡಿದವರಿಗೆ ಮುದಿತನದಲ್ಲಿ ಸರ್ಕಾರದ ಪಿಂಚಣಿ ಉಂಟು, ಸೋಷಿಯಲ್ ಸೆಕ್ಯುರಿಟಿ ಅಂತ. ಕೂಲಿಯಲ್ಲಿ ಒಂದು ಪಾಲು ನಾವು ಕಟ್ಟಬೇಕು, ಇನ್ನೊಂದು ಪಾಲು ಧಣಿ ಕಟ್ಟಬೇಕು. ಹಾಗೆ ಕಟ್ಟಿದ ದುಡಿಮೆ ಹತ್ತು ವರ್ಷದ್ದಾಗಬೇಕು. ನಮ್ಮ ಅಜ್ಜಿಯರ ಕಾಲದಲ್ಲಿ ಈ ಕಾನೂನು ಬಂದಾಗ ಮನೆಗೆಲಸದವರನ್ನೂ ಹೊಲದ ಆಳುಗಳನ್ನೂ ಹೊರಗಿಟ್ಟರು. ಆಳುಗಳೆಂದರೆ ಯಾವ ಬಣ್ಣದವರು ಅಂತ ಎಲ್ಲರಿಗೂ ಗೊತ್ತಿತ್ತು. ಆಮೇಲೆ ಕಾನೂನು ಬಾಗಿಲು ತೆರೆಯಿತು, ಲಕೋಟೆ ಅದನ್ನು ಮತ್ತೆ ಮುಚ್ಚಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ. ವರ್ನೆಲಕ್ಕನ ಗಿರಣಿಯ ಏಳು ವರ್ಷ ಸರ್ಕಾರದ ಲೆಕ್ಕದಲ್ಲಿತ್ತು. ಇನ್ನು ಮೂರು ವರ್ಷ ಬೇಕಿತ್ತು. ಹತ್ತೊಂಬತ್ತು ವರ್ಷದ ಬೆವರು ಓಕ್ ನೆಲದಲ್ಲಿ ಇಂಗಿಹೋಗಿತ್ತು. ಅರವತ್ತೊಂಬತ್ತಾದರೂ ಅವಳು ಮಂಡಿಯೂರುತ್ತಲೇ ಇದ್ದದ್ದು ಅದಕ್ಕೇ.

ಒಮ್ಮೆ ಬಾಯಿಬಿಟ್ಟು ಕೇಳಿದಳು. ಮಿಸ್ ಸಿಬಿಲ್, "ಅಯ್ಯೋ, ಮನೆಯವರ ಮಧ್ಯೆ ಸರ್ಕಾರ ಯಾಕೆ ಬರಬೇಕು?" ಅಂದು, ಹಳೆಯ ಕೋಟೊಂದನ್ನು ಕೊಟ್ಟು ಕಳಿಸಿದಳು. ಕೋಟು ಒಳ್ಳೆಯದೇ. ಅದನ್ನು ತಿನ್ನಲಿಕ್ಕಾಗುವುದಿಲ್ಲ.

ಇನ್ನು ಪಕ್ಷದ ವಿಷಯ. ಎರಡು ದೊಡ್ಡ ಪಕ್ಷಗಳ ಜಗಳ ನೋಡಿ ಬೇಸತ್ತು ಮಿಸ್ ಸಿಬಿಲ್ ಹೊಸ ಹಾದಿ ಪಕ್ಷ ಅನ್ನುವ ಮೂರನೆಯದೊಂದಕ್ಕೆ ಸೇರಿದ್ದಳು. ಸೇರಿದವರೇ ಕಡಿಮೆ, ಹಾಗಾಗಿ ಇಡೀ ರಾಜ್ಯಕ್ಕೆ ಅವಳೇ ಮುಖ್ಯಸ್ಥೆ. ಅವರ ಅಭ್ಯರ್ಥಿ ಡಾಕ್ಟರ್ ಲೆಂಟ್ಸ್, ಪಶ್ಚಿಮದ ಬಯಲುಸೀಮೆಯ ದನದ ಡಾಕ್ಟರು. 'ಪಿಂಚಣಿಯಿಂದ ಒಬ್ಬರೂ ಹೊರಗುಳಿಯಬಾರದು' ಎಂಬುದು ಅವರ ಘೋಷಣೆ. ಮಿಸ್ ಸಿಬಿಲಳ ಅಂಗಳದಲ್ಲಿ ಆ ಮಾತಿನ ನೀಲಿ ಬೋರ್ಡು ನಿಂತಿತ್ತು. ಮಳೆ ಬಂದು ಕೆಸರು ಹಾರಿದರೆ ಅದನ್ನು ಒರೆಸುತ್ತಿದ್ದವಳು ವರ್ನೆಲಕ್ಕ. ಹೇಳೋದು ಆಚಾರ, ತಿನ್ನೋದು ಬದನೇಕಾಯಿ.

ಸಣ್ಣ ಪಕ್ಷದ ಹೆಸರು ಮತಚೀಟಿಯಲ್ಲಿ ಬರಬೇಕಾದರೆ ರಾಜ್ಯದ ಒಂದೊಂದು ಕ್ಷೇತ್ರದಿಂದಲೂ ಅಲ್ಲೇ ವಾಸವಿರುವ ಒಬ್ಬೊಬ್ಬ ಪ್ರತಿನಿಧಿ ಬೇಕು. ಅಭ್ಯರ್ಥಿ ಗೆದ್ದರೆ ಅವನ ಪರವಾಗಿ ಅಧ್ಯಕ್ಷನನ್ನು ಆರಿಸುವವರು ಇವರೇ. ಅವರು ಸರ್ಕಾರದ ಮುದ್ರೆ ಹಾಕುವ ನೋಟರಿಯ ಮುಂದೆ ಪ್ರಮಾಣ ಮಾಡಿ ಸಹಿ ಹಾಕಬೇಕು. ಒಬ್ಬರು ಕಡಿಮೆಯಾದರೂ ರಾಜ್ಯದಲ್ಲೆಲ್ಲೂ ಪಕ್ಷ ಇಲ್ಲ. ನಮ್ಮ ಕ್ಷೇತ್ರದ ಗೆರೆಯೋ, ಹೊಳೆಯ ನಟ್ಟನಡುವೆ ಓಡುತ್ತದೆ. ಎಳೆದವರು ಆಚೆಯವರೇ. ನಮ್ಮ ವೋಟು ಅವರ ವೋಟಿನ ಜೊತೆ ಬೆರೆಯಬಾರದು ಅಂತ ಹಾವು ಹರಿದಂತೆ ಎಳೆದರು. ಈಗ ಅದೇ ಗೆರೆಯಿಂದ ಮಿಸ್ ಸಿಬಿಲ್, ಅವಳ ಗೆಳತಿಯರು, ಅವಳ ಪಕ್ಷದ ಹಿಡಿಯಷ್ಟು ಜನ ಎಲ್ಲ ಆಚೆ ಬಿದ್ದರು. ಈಚೆ ಅವಳಿಗೆ ಪರಿಚಯ ಇದ್ದವಳು ಒಬ್ಬಳೇ. ಅವಳ ನೆಲ ಒರೆಸುವವಳು.

ಆಗಸ್ಟ್ ತಿಂಗಳ ಒಂದು ಶನಿವಾರ ಆ ಪಕ್ಷದವರು ನಮ್ಮ ಚರ್ಚಿನ ಬಯಲಿನಲ್ಲಿ ಮೀನೂಟ ಇಟ್ಟರು. ದೊಡ್ಡ ಪಕ್ಷದವರು ಟೀವಿಯ ಚರ್ಚೆಗೆ ಇವರನ್ನು ಕರೆದಿರಲಿಲ್ಲ. ಹಾಗಾಗಿ ಡಾಕ್ಟರ್ ಲೆಂಟ್ಸ್, ಕರೆಯದ ಇನ್ನೊಬ್ಬ ಅಭ್ಯರ್ಥಿಯನ್ನು ಸೇರಿಸಿಕೊಂಡು ಅಲ್ಲೇ ತಮ್ಮದೇ ಚರ್ಚೆ ಇಟ್ಟುಕೊಂಡಿದ್ದ. ಆ ಇನ್ನೊಬ್ಬ ಕೊರಳಿಗೆ ಚಿಟ್ಟೆಯಂಥ ಟೈ ಕಟ್ಟಿದ್ದ, ನಾವು ಅವನನ್ನು ಚಿಟ್ಟೆ ಎಂದೇ ಕರೆದೆವು. ನಾನೂ ವರ್ನೆಲಕ್ಕನೂ ಬಾಣಲೆಯ ಮುಂದೆ. ಮೀನಿಗೆ ಜೋಳದ ಹಿಟ್ಟು ಹಚ್ಚಿ ಎಣ್ಣೆಗೆ ಬಿಡುವುದು, ತೆಗೆಯುವುದು. ಮುಖ ಬೆಂದುಹೋಗಿತ್ತು.

ಚಿಟ್ಟೆ ಶುರುಮಾಡಿದ. "ಈ ಪಿಂಚಣಿ ಅನ್ನೋದು ತೂತು ಬಿದ್ದ ದೋಣಿ. ಮುಚ್ಚಿಬಿಡಿ! ಅವರವರ ದುಡ್ಡು ಅವರವರೇ ಕೂಡಿಟ್ಕೊಳ್ಳಲಿ."

"ಕೂಡಿಡೋಷ್ಟು ಕೊಟ್ಟೋರು ಯಾರಪ್ಪಾ?" ಅಂತ ನಾನು ಬಾಣಲೆಯ ಹಿಂದಿನಿಂದ ಕೂಗಿದೆ. ಜನ ಗೊಳ್ಳೆಂದರು. ಪಾದ್ರಿ ನನ್ನ ಕಡೆ ಕಣ್ಣು ಬಿಟ್ಟ, ಆಮೇಲೆ ಅವನೂ ನಕ್ಕ.

ಡಾಕ್ಟರ್ ಲೆಂಟ್ಸ್ ಎದ್ದ. ಆಳು ದಪ್ಪ, ಬೂಟು ಹಳೆಯದು. "ನಾನು ರಾತ್ರಿ ಹಗಲು ಕರು ಹಾಕಿಸಿದೋನು. ಕೊಟ್ಟಿಗೆಲಿ ಹತ್ತು ಹಸು ಇದ್ರೆ ಒಂಬತ್ತು ನೋಡಿ ಮನೆಗೆ ಹೋಗೋಕಾಗಲ್ಲ. ದೋಣಿ ತೂತಾಗಿದ್ರೆ ತೂತು ಮುಚ್ಚಬೇಕು, ಜನಾನ ನೀರಿಗೆ ತಳ್ಳೋದಲ್ಲ. ಭಾರಿ ಸಂಬಳದೋರು ಒಂದು ಮಟ್ಟದವರೆಗೆ ಮಾತ್ರ ಕಟ್ತಾರೆ, ಮೇಲಿನದಕ್ಕೆ ಕಟ್ಟಲ್ಲ. ಅವರೂ ಪೂರ್ತಿ ಕಟ್ಟಲಿ."

"ಮಾತು ಸರಿಯಾಗೈತೆ," ಅಂದಳು ವರ್ನೆಲಕ್ಕ. "ನಮ್ಮನ್ನ ಹಸು ಅಂದ, ಅದೊಂದು ಬಿಟ್ರೆ."

ಅಷ್ಟರಲ್ಲಿ ಮಿಸ್ ಸಿಬಿಲ್ ಮೈಕಿನ ಮುಂದೆ ಬಂದಳು. "ವರ್ನೆಲ್! ಬಾ ಇಲ್ಲಿ." ಮನೆಯಲ್ಲಿ ಕರೆಯುತ್ತಾಳಲ್ಲ, ಅದೇ ದನಿ. ವರ್ನೆಲಕ್ಕ ಕೈಯ ಹಿಟ್ಟನ್ನು ಏಪ್ರನ್ನಿಗೆ ಒರೆಸಿಕೊಳ್ಳುತ್ತ ಹೋದಳು. ಇಡೀ ಚರ್ಚು ನೋಡುತ್ತಿತ್ತು. ಭಾನುವಾರ ಬಿಳಿ ಕೈಗವಸು ತೊಟ್ಟು ಎಲ್ಲರನ್ನೂ ಸೀಟಿಗೆ ಕೂರಿಸುವ ಹಿರಿಯಳು ಅವಳು. ಮಿಸ್ ಸಿಬಿಲ್ ಅವಳ ಹೆಗಲ ಮೇಲೆ ಕೈ ಹಾಕಿದಳು.

"ಇವಳು ವರ್ನೆಲ್. ನಮ್ಮ ಪಕ್ಷದ ಪ್ರತಿನಿಧಿ! ಹತ್ತೊಂಬತ್ತು ವರ್ಷದಿಂದ ನಮ್ಮನೇಲಿದಾಳೆ. ನಮ್ಮನೆಯವಳ ಹಾಗೇ. ನಮ್ಮ ಹೋರಾಟ ಇಂಥವರಿಗೋಸ್ಕರ."

ಚಪ್ಪಾಳೆ.

"ನಾನ್ಯಾವ ಪ್ರತಿನಿಧಿ?" ಅಂದಳು ವರ್ನೆಲಕ್ಕ.

"ಆಮೇಲೆ ಹೇಳ್ತೀನಿ. ಸೋಮವಾರದೊಳಗೆ ಒಂದು ಸಹಿ ಅಷ್ಟೇ. ಈಗ ನಗು, ಫೋಟೋ ತೆಗೀತಿದಾರೆ."

ವರ್ನೆಲಕ್ಕ ನಗಲಿಲ್ಲ. ಚಿಟ್ಟೆ ಚುರುಕಿನವನು, ತನ್ನ ವಾದಕ್ಕೊಂದು ಊರುಗೋಲು ಸಿಕ್ಕಿತೆಂದು ಮುಂದೆ ಬಂದ. "ಅಮ್ಮಾ, ನೀವೇ ಹೇಳಿ. ನಿಮಗೆ ಬರೋ ಪಿಂಚಣಿ ತಿಂಗಳಿಗೆ ಸಾಕಾಗುತ್ತಾ?"

"ನಂಗೆ ಬರಲ್ಲ."

"ಬರಲ್ವಾ? ಯಾಕಮ್ಮಾ?"

"ಅಮ್ಮಾವ್ರನ್ನೇ ಕೇಳಿ. ಪಕ್ಕದಲ್ಲೇ ಇದಾರಲ್ಲ."

ಇಷ್ಟು ವರ್ಷ ಕಾದ ಮಾತು ಇಷ್ಟು ಸಲೀಸಾಗಿ ಹೊರಬರುತ್ತದೆಂದು ನಾನು ಎಣಿಸಿರಲಿಲ್ಲ. ಖುಷಿಯಾಯಿತು, ಕಣ್ಣಲ್ಲಿ ನೀರೂ ಬಂತು. ದನದ ಡಾಕ್ಟರು ನಿಧಾನಕ್ಕೆ ತಿರುಗಿದ. "ಸಿಬಿಲ್?"

"ಇದು... ಇದು ನಮ್ಮನೆ ವಿಷಯ, ಡಾಕ್ಟರ್."

"ಮನೆ ವಿಷಯಾನಾ?" ಅಂದಳು ವರ್ನೆಲಕ್ಕ. "ಹಂಗಾದ್ರೆ ಬೀದೀಲಿ ಯಾಕೆ ನಿಲ್ಲಿಸಿದ್ರಿ ನನ್ನ? ನೋಡಿ ಅಮ್ಮಾವ್ರೇ, ಹತ್ತೊಂಬತ್ತು ವರ್ಷ ನೀವು ಬಗ್ಗು ಅಂದ್ರಿ, ಬಗ್ಗಿದೆ. ಎತ್ತು ಅಂದ್ರಿ, ಎತ್ತಿದೆ. ಈ ಸಹಿ ಹಾಕಲ್ಲ." ಹೆಗಲ ಮೇಲಿದ್ದ ಕೈಯನ್ನು ಮೀನಿನ ಮುಳ್ಳು ತೆಗೆದು ಬದಿಗಿಟ್ಟಂತೆ ತೆಗೆದಿಟ್ಟಳು. "ಐಡೆಲ್, ಬಾಯಿ ಮುಚ್ಕೊಂಡು ಬಾಣಲೆ ನೋಡೇ, ಮೀನು ಸೀಯ್ತಾ ಐತೆ!"

ನಿಜಕ್ಕೂ ಸೀದಿತ್ತು. ಆ ದಿನ ಸೀದ ಮೀನನ್ನೂ ಜನ ಬಡಿದಾಡಿ ತಿಂದರು.

ಚರ್ಚೆ ಮುಗಿದ ಮೇಲೆ ದನದ ಡಾಕ್ಟರು ಬಾಣಲೆಯ ಹತ್ತಿರ ಬಂದ, ಟೋಪಿ ಕೈಯಲ್ಲಿ ಹಿಡಿದು. "ಅಮ್ಮಾ, ನೀವು ಸಹಿ ಹಾಕದಿದ್ರೆ ಈ ರಾಜ್ಯದಲ್ಲಿ ನಾನಿಲ್ಲ. ಆದ್ರೂ ನಿಮ್ಮದು ನಿಮಗೆ ಸಿಗೋತನಕ ಹಾಕಬೇಡಿ." ಹಾಗಂದು ತಟ್ಟೆ ಚಾಚಿದ, ಬೇಕುಬೇಕಾದಷ್ಟು ಮೀನು ತಿಂದು ಹೋದ.

"ಈ ಮನುಷ್ಯ ಇನ್ನೂ ಕೆಟ್ಟಿಲ್ಲ ಕಣೇ," ಅಂದಳು ವರ್ನೆಲಕ್ಕ. "ಅದಕ್ಕೇ ಗೆಲ್ಲಲ್ಲ."

ಭಾನುವಾರ ಮಿಸ್ ಸಿಬಿಲ್ ಸೇತುವೆ ದಾಟಿ ಈಚೆ ಬಂದಳು. ಬೇರೆ ಯಾರಾದರೂ ಒಬ್ಬರು ಸಿಕ್ಕರೆ ಸಾಕು, ಹೆಸರು ಬದಲಾಯಿಸಬಹುದಿತ್ತು. ಚರ್ಚಿನ ಬಾಗಿಲಲ್ಲಿ ನಿಂತು ಒಬ್ಬೊಬ್ಬರನ್ನೇ ಹಿಡಿದಳು. ಕ್ಷೌರದಂಗಡಿಯವನು, "ವರ್ನೆಲಕ್ಕ ಏನಂತಾಳೆ?" ಅಂದ. ಹಾಡಿನ ಮೇಳದ ಹೆಂಗಸರು, "ವರ್ನೆಲಕ್ಕನ್ನ ಕೇಳಿದ್ರಾ?" ಅಂದರು. ಹಲ್ಲಿಲ್ಲದ ಮುದುಕನೊಬ್ಬ ಪೂರ್ತಿ ಕತೆ ಕೇಳಿಸಿಕೊಂಡು, ಪೆನ್ನನ್ನೂ ಇಸಕೊಂಡು, ಕಿವಿ ಕೆರೆದುಕೊಂಡು ವಾಪಸು ಕೊಟ್ಟ. ಕೊನೆಗೆ ನನ್ನ ಹತ್ತಿರ ಬಂದಳು.

"ಐಡೆಲ್, ನೀನು ಒಳ್ಳೆಯವಳು. ಒಂದೇ ಒಂದು ಸಹಿ."

"ಅಯ್ಯೋ ಅಮ್ಮಾವ್ರೇ, ನಿನ್ನೆ ಎಣ್ಣೆ ಹಾರಿ ಕೈಯೆಲ್ಲ ಸುಟ್ಟೋಯ್ತು. ಪೆನ್ನು ಹಿಡಿಯೋಕೇ ಆಗಲ್ಲ," ಅಂದೆ, ಅದೇ ಕೈಯಲ್ಲಿ ಕೋಳಿಕಾಲು ಹಿಡಿದು ತಿನ್ನುತ್ತ.

ನಮ್ಮನ್ನು ದೂರ ಇಡಲಿಕ್ಕೆ ಎಳೆದ ಗೆರೆ. ಅವತ್ತು ಅದೇ ಗೆರೆ ನಮ್ಮನ್ನು ಕಾಯಿತು. ಎಳೆದವರಿಗೆ ನನ್ನ ನಮಸ್ಕಾರ.

ಸೋಮವಾರ ಮಧ್ಯಾಹ್ನ ಹನ್ನೆರಡಕ್ಕೆ ಕಾಗದ ರಾಜಧಾನಿ ರಿಚ್ಮಂಡ್ ಸೇರಬೇಕಿತ್ತು. ಬೆಳಗ್ಗೆಯೇ ನಾನು ವರ್ನೆಲಕ್ಕನ ಅಡುಗೆಮನೆಯಲ್ಲಿ ಅವರೆ ಬಿಡಿಸುತ್ತ ಕೂತಿದ್ದೆ. ಎದುರಿಗೆ ಮಿಸ್ಟರ್ ಟಾಲಿವರ್ ತಿಂಡಿ ತಿನ್ನುತ್ತಿದ್ದ. ಹೆಣ ಸಿಂಗರಿಸಿ ಮಣ್ಣು ಮಾಡಿಸುವುದು ಅವನ ಉದ್ಯೋಗ. ಸತ್ತವರ ಕಾಗದಪತ್ರಕ್ಕೆಂದು ಸರ್ಕಾರದ ಮುದ್ರೆ ಹಾಕುವ ಅಧಿಕಾರವೂ ಅವನಿಗಿತ್ತು. "ಮುದ್ರೆ ತಗೊಂಡು ಬಾ, ಹಂದಿಮಾಂಸ ಹುರಿದಿರ್ತೀನಿ," ಅಂತ ವರ್ನೆಲಕ್ಕ ಚರ್ಚಿನಲ್ಲೇ ಹೇಳಿಟ್ಟಿದ್ದಳು.

ಮಿಸ್ ಸಿಬಿಲ್ ಬಂದಳು, ಕಾಲ್ನಡಿಗೆಯಲ್ಲಿ. ಹತ್ತೊಂಬತ್ತು ವರ್ಷ ವರ್ನೆಲಕ್ಕನನ್ನು ಸೇತುವೆಯ ಬುಡದಲ್ಲಿ ಇಳಿಸಿ ಹೋಗುತ್ತಿದ್ದವಳಿಗೆ ಮನೆ ಯಾವುದೆಂದು ಗೊತ್ತಿರಲಿಲ್ಲ. ಹುಡುಕುತ್ತ ಬರುವಾಗ ನಮ್ಮ ಬೀದಿಯ ಗುಂಡಿಗೆ ಬಿದ್ದು ಕಾರಿನ ಟೈರು ಒಡೆದಿತ್ತು. ಆ ಗುಂಡಿ ಮುಚ್ಚಿ ಅಂತ ನಾವು ಅರ್ಜಿ ಕೊಟ್ಟು ಕೊಟ್ಟು ಸಾಕಾಗಿತ್ತು. ಕೂದಲು ಕೆದರಿತ್ತು, ಕಣ್ಣು ಕೆಂಪಗಿತ್ತು. ಅಯ್ಯೋ ಪಾಪ ಅನ್ನಿಸಿತು. ಒಂದು ಅವರೆಕಾಯಿ ಬಿಡಿಸುವಷ್ಟು ಹೊತ್ತು.

"ಕೂತ್ಕೊಳ್ಳಿ," ಅಂದಳು ವರ್ನೆಲಕ್ಕ. ತಾನೂ ಕೂತಳು. ಆ ಇಬ್ಬರೂ ಒಂದು ಮೇಜಿಗೆ ಕೂತದ್ದು ಅದೇ ಮೊದಲು. ಕಾಫಿ ಬಗ್ಗಿಸಲು ಗುಲಾಬಿ ಅಂಚಿನ ಒಳ್ಳೆಯ ಕಪ್ಪು ತೆಗೆದಳು.

"ಒಲೆ ಪಕ್ಕ ಕೊಬ್ಬು ಸೋಸೋ ಡಬ್ಬಿ ಐತೆ, ಅದ್ರಲ್ಲಿ ಕೊಡಕ್ಕ," ಅಂದೆ ನಾನು.

"ಸುಮ್ನಿರೇ. ನಮ್ಮನೇಲಿ ಎಲ್ಲರಿಗೂ ಒಂದೇ ಕಪ್ಪು."

ಮಿಸ್ ಸಿಬಿಲ್ ಆ ಕಪ್ಪನ್ನು ನೋಡಿದಳು. ಆಮೇಲೆ ಕೈಚೀಲದಿಂದ ಲಕೋಟೆ ತೆಗೆದು ಮೇಜಿನ ಮೇಲಿಟ್ಟಳು. ದಪ್ಪಗಿತ್ತು. "ಇದನ್ನ ತಗೋ ವರ್ನೆಲ್. ಎಣಿಸಬೇಡ. ಬೇಕಾದ್ರೆ ಇನ್ನೂ ಕೊಡ್ತೀನಿ."

ವರ್ನೆಲಕ್ಕ ಒಂದು ಬೆರಳಲ್ಲಿ ಅದನ್ನು ಆಚೆ ತಳ್ಳಿದಳು. "ಲಕೋಟೆ ಬೇಡ. ಅದರಿಂದಲೇ ನಾನು ಕೆಟ್ಟಿದ್ದು."

"ಮತ್ತೇನು ಬೇಕು ನಿನಗೆ?"

"ಟಾಲಿವರ್ ಮುಂದೆ ಪ್ರಮಾಣ ಮಾಡಿ ಬರೆದುಕೊಡಿ. ವರ್ನೆಲ್ ನಮ್ಮನೇಲಿ ಹತ್ತೊಂಬತ್ತು ವರ್ಷ ದುಡಿದ್ಲು, ನಾನು ಕಟ್ಟಬೇಕಾದ್ದು ಕಟ್ಟಲಿಲ್ಲ ಅಂತ. ಬುಧವಾರ ನನ್ನ ಜೊತೆ ಪಿಂಚಣಿ ಆಫೀಸಿಗೆ ಬಂದು ಅದನ್ನೇ ಬಾಯಲ್ಲಿ ಹೇಳಿ, ಕಟ್ಟಿ. ಆಮೇಲೆ ನಿಮ್ಮ ಕಾಗದಕ್ಕೆ ನನ್ನ ಸಹಿ."

"ನನ್ನ ಹೆಸರು ಹಾಳಾಗುತ್ತೆ, ವರ್ನೆಲ್!"

"ನನ್ನ ಮಂಡಿ ಹಾಳಾಯ್ತಲ್ಲ."

"ನಾನು ನಿನ್ನ ಪ್ರೀತಿಯಿಂದ ನೋಡ್ಕೊಂಡೆ..."

"ಇರಬೋದು. ಇಲ್ಲ ಅನ್ನಲ್ಲ. ಪ್ರೀತಿಗೆ ಪಿಂಚಣಿ ಬರಲ್ಲವಲ್ಲ ಅಮ್ಮಾವ್ರೇ."

ಟಾಲಿವರ್ ಮೀಸೆ ಒರೆಸಿಕೊಂಡು ಗಡಿಯಾರ ನೋಡಿದ. "ನನ್ನ ಗಿರಾಕಿಗಳಿಗೆ ಅವಸರ ಇರಲ್ಲ. ನಿಮಗಿದೆ," ಅಂದ.

ಮಿಸ್ ಸಿಬಿಲ್ ಬರೆದಳು. ಟಾಲಿವರ್ ಮುದ್ರೆ ಒತ್ತಿದ. ಆಮೇಲೆ ವರ್ನೆಲಕ್ಕ ಕನ್ನಡಕ ಹಾಕಿಕೊಂಡು ಪಕ್ಷದ ಕಾಗದವನ್ನು ತಲೆಯಿಂದ ಬುಡದವರೆಗೆ ಓದಿ, ತನ್ನ ಪೂರ್ತಿ ಹೆಸರು ಬರೆದಳು. ವರ್ನೆಲ್ ಒಫೀಲಿಯಾ ಪೆಟವೇ. ಅವಳಿಗೊಂದು ನಡುವಿನ ಹೆಸರು ಇದೆಯೆಂದು 'ಮನೆಯವರಿಗೆ' ಅವತ್ತೇ ಗೊತ್ತಾದದ್ದು.

ಈಗ ಕಾರಿಲ್ಲ. ಹೊತ್ತಿಲ್ಲ. ಇದ್ದದ್ದು ಟಾಲಿವರನ ಹೆಣದ ಗಾಡಿ. ನಮ್ಮ ಕಡೆ ಹೆಣದ ಗಾಡಿ ಬಂದರೆ ಎದುರಿನ ಕಾರುಗಳೆಲ್ಲ ರಸ್ತೆಯ ಅಂಚಿಗೆ ಸರಿದು ನಿಲ್ಲುತ್ತವೆ, ಗಂಡಸರು ಟೋಪಿ ತೆಗೆಯುತ್ತಾರೆ. ಟಾಲಿವರ್ ನೇರಳೆ ಬಾವುಟ ಸಿಕ್ಕಿಸಿದ, ದೀಪ ಹೊತ್ತಿಸಿದ. ಮುಂದಿನ ಸೀಟಿನಲ್ಲಿ ವರ್ನೆಲಕ್ಕ. ಹೂವಿನ ಬುಟ್ಟಿ ಇಡುವ ಹಿಂದಿನ ಮೂಲೆಯಲ್ಲಿ ಕಾಗದ ತಬ್ಬಿಕೊಂಡು ಮಿಸ್ ಸಿಬಿಲ್. ದಾರಿಯುದ್ದಕ್ಕೂ ಬಿಳಿಯರು ಕರಿಯರು ಎಲ್ಲರೂ ಅಂಚಿಗೆ ಸರಿದು ತಲೆಬಾಗಿದರಂತೆ. ವರ್ನೆಲಕ್ಕ ಎಲ್ಲರಿಗೂ ಕೈ ಬೀಸಿದಳಂತೆ. ಹೊತ್ತಿಗೆ ಮೊದಲೇ ಮುಟ್ಟಿದರು.

"ಆ ಪಕ್ಷ ಹುಟ್ಟೋ ಮುಂಚೆನೇ ಹೆಣದ ಗಾಡಿ ಹತ್ತಿತು," ಅಂತ ಕ್ಷೌರದಂಗಡಿಯಲ್ಲಿ ಇವತ್ತಿಗೂ ನಗುತ್ತಾರೆ.

ನವೆಂಬರಿನಲ್ಲಿ ದನದ ಡಾಕ್ಟರು ಸೋತ. ನಮ್ಮ ಬೀದಿಯಲ್ಲಿ ಅವನಿಗೆ ಬಿದ್ದ ವೋಟನ್ನು ಕೈಬೆರಳಲ್ಲಿ ಎಣಿಸಬಹುದಿತ್ತು. ಅದರಲ್ಲಿ ವರ್ನೆಲಕ್ಕನದು ಇತ್ತೋ ಇಲ್ಲವೋ, ಎಷ್ಟು ಕೆಣಕಿದರೂ ಅವಳು ಬಾಯಿ ಬಿಡುವುದಿಲ್ಲ. ಈಗ ತಿಂಗಳು ತಿಂಗಳು ಅವಳ ಪಿಂಚಣಿ ಬರುತ್ತದೆ. ಅದೇನು ಹೊನ್ನಿನ ಮಳೆಯಲ್ಲ. ಆದರೆ ಅವಳು ಮಂಡಿಯೂರುವುದು ಈಗ ದೇವರ ಮುಂದೆ ಮಾತ್ರ. ಅದೂ ದಿಂಬು ಹಾಕಿಕೊಂಡು.

ಅದೆಲ್ಲ ಆಮೇಲಿನ ಮಾತು. ನನ್ನ ಕಣ್ಣಿಗೆ ಕಟ್ಟಿದ್ದು ಆ ಬುಧವಾರ. ಪಿಂಚಣಿ ಆಫೀಸು, ಸಾಲಾಗಿ ಪ್ಲಾಸ್ಟಿಕ್ ಕುರ್ಚಿ, ಟೋಕನ್ ಹಿಡಿದ ಜನ. ಮಿಸ್ ಸಿಬಿಲ್ ಮಾತಿಗೆ ತಪ್ಪದೆ ಬಂದಿದ್ದಳು. ಟೋಕನ್ ಹಿಡಿದು ಕಾಯುವುದು ಅವಳಿಗೆ ಹೊಸದು, ಚಡಪಡಿಸುತ್ತಿದ್ದಳು. ನಾನು ವರ್ನೆಲಕ್ಕನ ಜೊತೆಗೆಂದು ಹೋದವಳು, ಹಿಂದಿನ ಸಾಲಿನಲ್ಲಿ ಕೂತಿದ್ದೆ. ಅವರ ಸರದಿ ಬಂತು. ಉದ್ದುದ್ದ ಉಗುರಿನ ಹುಡುಗಿಯೊಬ್ಬಳು ಕಂಪ್ಯೂಟರಿನ ಮುಂದೆ ಕೂತು ಕೇಳಿದಳು, "ಇವರಿಗೂ ನಿಮಗೂ ಏನು ಸಂಬಂಧ?"

ಮಿಸ್ ಸಿಬಿಲಳ ನಾಲಿಗೆ ಹಳೆಯ ದಾರಿಯನ್ನೇ ಹಿಡಿಯಿತು. "ವರ್ನೆಲ್ ನಮ್ಮನೆಯವಳ ಹಾ..."

"ಅಲ್ಲ," ಅಂದಳು ವರ್ನೆಲಕ್ಕ. ಇಡೀ ಆಫೀಸಿಗೆ ಕೇಳುವಂತೆ ಅಂದಳು. "ಮನೆಗೆಲಸದವಳು. ಹತ್ತೊಂಬತ್ತು ವರ್ಷ. ಕೆಲಸ ಅಂತಲೇ ಬರ್ಕೊಳಮ್ಮಾ."

ಹುಡುಗಿ ಬರೆದುಕೊಂಡಳು. ಆಮೇಲೆ ತಲೆ ಎತ್ತಿ ಮುಂದಿನ ನಂಬರು ಕರೆದಳು. ನಾನು ಎದ್ದು ನಿಂತೆ. ವರ್ನೆಲಕ್ಕನಿಗೂ ಹೇಳದೆ ಬಾಗಿಲಲ್ಲೇ ನಾನೊಂದು ಟೋಕನ್ ತೆಗೆದುಕೊಂಡಿದ್ದೆ.